ನಲವತ್ತೊಂದನೆಯ ಪುಟ

ಆ ಬೀದಿಯವರೆಲ್ಲ ಅವಳನ್ನು ಜೆರಾಕ್ಸ್ ಅಕ್ಕ ಎಂದೇ ಕರೆಯುತ್ತಿದ್ದರು. ಮಾಸಿದ ಮಾರ್ಕ್ಸ್ ಕಾರ್ಡಾಗಲಿ, ಗೆದ್ದಲು ತಿಂದ ಕ್ರಯಪತ್ರವಾಗಲಿ, ಇಪ್ಪತ್ತು ವರ್ಷದಿಂದ ಏನೇ ತಂದುಕೊಟ್ಟರೂ ಅಕ್ಷರ ಎಬ್ಬಿಸಿಕೊಟ್ಟವಳು. ಅದರ ಬಗ್ಗೆ ಅವಳಿಗೆ ಕೊಂಚ ಜಂಬವೂ ಇತ್ತು. ಇರಲಿ ಬಿಡಿ, ಕೈಗುಣ ಇದ್ದವರಿಗೆ ಅಷ್ಟಾದರೂ ಇರಬೇಕು.

ಅವಳ ತಮ್ಮ ಸೂಟ್‌ಕೇಸ್ ರಿಪೇರಿ ಮಾಡುವವನು. ಬರೀ ರಿಪೇರಿ ಮಾಡಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಸ್ತರಿನೊಳಗೆ ಡಾಲರ್ ನೋಟು ಹೊಲಿದು ಸಾಗಿಸುವ ಕಳ್ಳದಂಧೆಗೆ ಕೈ ಹಾಕಿದ, ಸಿಕ್ಕಿಬಿದ್ದ. ಜಾಮೀನು ಸಿಕ್ಕಿ ಎರಡು ದಿನ ಆಗಿರಲಿಲ್ಲ, ಮತ್ತೆ ಎತ್ತಿಕೊಂಡು ಹೋದರು. ಈ ಸಲ ಮಾಡಿದ್ದಕ್ಕಲ್ಲ, ಮುಂದೆ ಮಾಡಿಯಾನು ಎಂಬುದಕ್ಕೆ. ಮುನ್ನೆಚ್ಚರಿಕೆಯ ಬಂಧನವಂತೆ. ಒಂದು ವರ್ಷ ವಿಚಾರಣೆಯೂ ಇಲ್ಲ, ಜಾಮೀನೂ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಬೈದುಕೊಂಡೇ ಅಕ್ಕ ವಕೀಲರನ್ನು ಹುಡುಕಿದಳು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಎತ್ತಿ ಆಡಿಸಿದವಳು, ಬೈದಳೆಂದು ಬಿಟ್ಟುಬಿಡಲಾದೀತೆ?

ವಕೀಲರು ವಯಸ್ಸಾದವರು, ಮೆಲುಮಾತಿನವರು. ಬಂಧನಕ್ಕೆ ಆಧಾರವೆಂದು ಅಧಿಕಾರಿಗಳು ತಮ್ಮನಿಗೆ ಕೊಟ್ಟಿದ್ದ ಕಾಗದದ ಕಟ್ಟನ್ನು ಅವಳ ಕೈಗಿಟ್ಟು, ಹೈಕೋರ್ಟಿಗೆ ಹಾಕಲು ನಾಲ್ಕು ಪ್ರತಿ ಮಾಡಿ ತರಲು ಹೇಳಿದರು.

ನಲವತ್ತೊಂದನೆಯ ಪುಟಕ್ಕೆ ಬಂದಾಗ ಅಕ್ಕನ ಕೈ ನಿಂತಿತು. ಪುಟವೆಲ್ಲ ಕಪ್ಪು. ಮೂಲದಲ್ಲಿ ಅದು ಕೆಂಪು ಕಾಗದದ ಮೇಲಿನ ಕಾರ್ಬನ್ ಪ್ರತಿ ಎಂದು ಅವಳಿಗೆ ನೋಡಿದೊಡನೆ ತಿಳಿಯಿತು. ಅಂಥದ್ದಕ್ಕೆ ಯಂತ್ರದ ಕಪ್ಪು ಇಳಿಸಬೇಕು. ಯಾರೋ ಪುಣ್ಯಾತ್ಮ ಇಡೀ ಕಟ್ಟನ್ನು ಒಂದೇ ಹದದಲ್ಲಿ ಓಡಿಸಿಬಿಟ್ಟಿದ್ದ. ತಿಳಿ ಮಾಡಿ ನೋಡಿದಳು, ದೊಡ್ಡದು ಮಾಡಿ ನೋಡಿದಳು. ಒಂಬತ್ತು ಸಲ ಪ್ರಯತ್ನಿಸಿದರೂ ಒಂದಕ್ಷರ ಏಳಲಿಲ್ಲ.

ಮರುದಿನ ಬೆಳಿಗ್ಗೆ ತಲೆತಗ್ಗಿಸಿಕೊಂಡು ವಕೀಲರ ಮುಂದೆ ನಿಂತಳು. "ಸರ್, ಇದೊಂದು ಪುಟ ನನ್ನ ಕೈಲಿ ಆಗ್ಲಿಲ್ಲ. ಕ್ಷಮಿಸಿ."

ವಕೀಲರು ಪುಟವನ್ನು ಬಹಳ ಹೊತ್ತು ನೋಡಿದರು. ಬಂಧನದ ಆದೇಶದಲ್ಲಿ ಮುಖ್ಯ ಆಧಾರವೆಂದು ಹೆಸರಿಸಿದ್ದೇ ಆ ಪುಟವನ್ನು. ಜೈಲಿಗೆ ಹೋಗಿ ತಮ್ಮನನ್ನು ಕೇಳಿದರು. ಅದು ಓದಲು ಬರುವುದಿಲ್ಲ, ಬೇರೆ ಕೊಡಿ ಎಂದು ಅವನು ಆಗಲೇ ಅರ್ಜಿ ಬರೆದಿದ್ದ. ಎಲ್ಲ ಕಾಗದ ಕೊಟ್ಟಾಗಿದೆ ಎಂದು ಒಂದೇ ಸಾಲಿನ ಉತ್ತರ ಬಂದಿತ್ತು.

"ಇದನ್ನ ಹೀಗೇ ಹಾಕೋಣಮ್ಮ," ಎಂದರು ವಕೀಲರು. "ದಯವಿಟ್ಟು ಇನ್ನು ರಿಪೇರಿ ಮಾಡೋಕೆ ಹೋಗ್ಬೇಡಿ."

ಕೋರ್ಟಿನಲ್ಲಿ ಸರ್ಕಾರಿ ವಕೀಲರ ಹಿಂದೆ ಮೂವರು ಸಹಾಯಕರು, ಮುಂದೆ ಪುಸ್ತಕದ ರಾಶಿ. ದೇಶದ ಬೊಕ್ಕಸ, ಗಡಿ, ಭದ್ರತೆ ಎಂದು ಗಂಟೆಗಟ್ಟಲೆ ಮಾತಾಡಿದರು. ಒಂದು ಪುಟ ಮಸುಕಾದದ್ದು ಸಣ್ಣ ವಿಷಯ ಎಂದೂ ಅಂದರು. ಹಿಂದಿನ ಬೆಂಚಿನಲ್ಲಿ ಅಕ್ಕ ಆ ಪುಸ್ತಕಗಳನ್ನೇ ಎಣಿಸುತ್ತ ಕೂತಿದ್ದಳು.

ಹಿರಿಯ ನ್ಯಾಯಾಧೀಶರು ಆ ಪುಟವನ್ನು ಸರ್ಕಾರಿ ವಕೀಲರಿಗೇ ಕೊಡಿಸಿದರು. "ಸಣ್ಣ ವಿಷಯ ಆದ್ರೆ ಸ್ವಲ್ಪ ಓದಿ ಹೇಳಿ."

ಸರ್ಕಾರಿ ವಕೀಲರು ಕನ್ನಡಕ ಏರಿಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ಸಹಾಯಕರೂ ಬಗ್ಗಿ ನೋಡಿದರು. ಕೊನೆಗೆ ಓದಲಾಗುತ್ತಿಲ್ಲ ಎಂದು ವಕೀಲರು ಪುಟ ಕೆಳಗಿಟ್ಟರು.

"ಆಧಾರ ಓದಿ ಉತ್ತರ ಕೊಡೋದು ಅವನ ಹಕ್ಕು. ಹಾಗಾದ್ರೆ ಅವನು ಯಾವುದಕ್ಕೆ ಉತ್ತರ ಕೊಡ್ಬೇಕಿತ್ತು?" ಎಂದು ನ್ಯಾಯಾಧೀಶರು ಕೇಳಿದರು. ಸಂಜೆಯೊಳಗೆ ಬಂಧನ ರದ್ದಾಯಿತು.

ಜನ ಎದ್ದು ಹೋದರೂ ಅಕ್ಕ ಬೆಂಚಿನಲ್ಲೇ ಕೂತಿದ್ದಳು. ತಮ್ಮ ತಪ್ಪು ಮಾಡಿದ್ದಾನೆಂದು ಅವಳಿಗೆ ಗೊತ್ತು, ಆ ನ್ಯಾಯಾಧೀಶರಿಗೂ ಅನುಮಾನ ಇದ್ದೇ ಇರಬೇಕು. ಆದರೂ ಒಬ್ಬ ಸೂಟ್‌ಕೇಸ್ ರಿಪೇರಿಯವನಿಗೆ ಉತ್ತರ ಹೇಳಲು ಅವಕಾಶ ಕೊಡಲಿಲ್ಲವೆಂದು ಅಷ್ಟು ದೊಡ್ಡ ಸರ್ಕಾರವನ್ನೇ ನಿಲ್ಲಿಸಿಬಿಟ್ಟಿದ್ದರು. ಇಂಥದ್ದೂ ಲೋಕದಲ್ಲಿ ಉಂಟೇ ಎಂದು ಅವಳ ಮೈ ಜುಮ್ಮೆಂದಿತು.

ಮರುದಿನ ಜೈಲಿನ ಬಾಗಿಲಿನಿಂದ ತಮ್ಮ ನಗುತ್ತ ಬಂದ. ಡಾಲರ್ ಸಾಗಿಸಿದ ಹಳೆಯ ಕೇಸು ಹಾಗೇ ಇದೆ, ಮುಂದಿನ ವಾರ ಹಾಜರಾಗಬೇಕು. ಅಷ್ಟರೊಳಗೆ ಗಡಿ ದಾಟಿಸುವವರು ಗೊತ್ತಿದ್ದಾರೆ, ಹೋಗಿಬಿಡುತ್ತೇನೆ ಎಂದು ಪಿಸುಗುಟ್ಟಿದ. "ಹೇಗೂ ಗೆದ್ವಲ್ಲಕ್ಕ."

ಅಕ್ಕ ಅವನ ಮಣಿಕಟ್ಟು ಹಿಡಿದಳು.

"ಗೆದ್ದಿಲ್ಲ ಕಣೋ. ನಿನ್ನ ಮಾತು ಕೇಳದೆ ಕೂಡಿಹಾಕೋ ಹಾಗಿಲ್ಲ ಅಂದ್ರು, ಅಷ್ಟೆ. ನೀನೇನು ಹೇಳ್ತೀಯೋ ಕೇಳೋಕೆ ಅಂತ ಅಷ್ಟು ದೊಡ್ಡೋರು ಕೂತಿದಾರೆ. ನಾನು ಕಣ್ಣಾರೆ ನೋಡ್ದೆ. ಹೋಗಿ ಹೇಳು, ಮಾಡಿದ್ದನ್ನ."

ತಮ್ಮನ ನಗು ಇಳಿಯಿತು. ಹೇಳಿದರೆ ಮತ್ತೆ ಜೈಲೇ ಅಲ್ಲವೇ ಎಂದ.

ಹೌದು ಎಂದಳು ಅಕ್ಕ. ಹಿಡಿದ ಕೈ ಬಿಡಲಿಲ್ಲ.