ಅರವತ್ತಮೂರನೇ ಪುಟದ ಕೇಕ್

ಪುಸ್ತಕ ಕೆಟ್ಟದಾಗಿದ್ದಿದ್ದರೆ ವೆರ್ಲೀನ್‌ಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಹಾಳಾದ್ದು, ಚೆನ್ನಾಗಿತ್ತು.

ಬರೆದವಳು ಒಡಹುಟ್ಟಿದ ತಂಗಿ ನೆಲ್ಡಾ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಳಾದ ಮೇಲೆ ಸುಮ್ಮನೆ ಕೂರಲಾರದೆ, ತಮ್ಮ ತವರಾದ ಟಿಸ್‌ಡೇಲ್ ಮನೆತನದ ಅಡುಗೆಗಳನ್ನೂ ಅವುಗಳ ಕಥೆಗಳನ್ನೂ ಸೇರಿಸಿ ಅಚ್ಚು ಹಾಕಿಸಿದ್ದಳು. ಜಾರ್ಜಿಯಾದ ಆ ಪುಟ್ಟ ಊರಲ್ಲಿ ಈಗ ಬೇರೆ ಮಾತೇ ಇಲ್ಲ. ಭಾನುವಾರ ಚರ್ಚಿನ ಓಕ್ ಮರಗಳ ಕೆಳಗೆ ಸಾಲು ಮೇಜು ಹಾಕಿ ಊಟಕ್ಕೆ ಕೂತಾಗ, ಕರಿದ ಕೋಳಿ ಕಡಿಯುವ ಬಾಯಿಗಳೆಲ್ಲ ನೆಲ್ಡಾಳನ್ನೇ ಹೊಗಳಿದವು. ಪಾದ್ರಿಯ ಹೆಂಡತಿಯಂತೂ ವೆರ್ಲೀನ್‌ಳ ಕೈ ಹಿಡಿದುಕೊಂಡು, "ಪುಣ್ಯ ಮಾಡಿದ್ರಿ ನೀವು, ಇಂಥ ತಂಗಿ ಸಿಕ್ಕಿದ್ದಾಳೆ," ಎಂದಳು. ವೆರ್ಲೀನ್ ನಕ್ಕಳು. ನಕ್ಕು ನಕ್ಕು ದವಡೆ ನೋವು ಬಂತು.

ತನ್ನ ಪಾಲಿನ ಪ್ರತಿಯನ್ನು ಒಂದು ವಾರ ಹಿಟ್ಟಿನ ಡಬ್ಬಿಯ ಅಡಿಗೆ ತುರುಕಿಟ್ಟಿದ್ದಳು. ಗಂಡ ಡಾಯ್ಲ್ ಅದನ್ನು ಎಳೆದುಕೊಂಡು ಹೋಗಿ ಜಗಲಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಲೇ, ಕೇಳಿಸ್ಕೋ ಇಲ್ಲಿ! ನಿಮ್ಮಜ್ಜ ಮದುವೆ ದಿನ ಹೆಣ್ಣಿನ ಮನೆಯ ಹಂದಿತೊಡೆ ಕದ್ದು ಪಿಯಾನೋ ಒಳಗೆ ಬಚ್ಚಿಟ್ಟಿದ್ನಂತೆ! ಬಾರಿಸೋಕೆ ಕೂತ್ರೆ ಸ್ವರಾನೇ ಬರ್ಲಿಲ್ವಂತೆ!"

"ನಂಗ್ಯಾರೂ ಹೇಳ್ಲೇ ಇಲ್ಲ ಅದನ್ನ."

"ನಿಮ್ಮಮ್ಮನೇ ಹೇಳಿದ್ದು ಅಂತ ಬರೆದಿದ್ದಾಳಲ್ಲೇ."

"ಅವಳಿಗೆ ಹೇಳಿರ್ತಾಳೆ, ಅವಳ ಮುದ್ದಿನ ಮಗಳಿಗೆ! ಕೊಡು ಇಲ್ಲಿ." ಪುಸ್ತಕ ಕಿತ್ತುಕೊಂಡು ಒಳಗೆ ಹೋದಳು.

ತಪ್ಪು ಹುಡುಕಲೆಂದೇ ಓದಲು ಕೂತವಳು ಮೈಮರೆತಳು. ಒಲೆಯ ಮೇಲಿನ ಕಾಳು ಸೀದು ಕರಕಲಾದದ್ದೂ ಗೊತ್ತಾಗಲಿಲ್ಲ. ಜೋಳದ ರೊಟ್ಟಿಯನ್ನು ಹೋರಿ ತಿಂದ ಕಥೆಗೆ ಒಬ್ಬಳೇ ಕಿಸಕ್ಕನೆ ನಕ್ಕಳು, ಸೋದರತ್ತೆಯ ಪೀಚ್ ಹಣ್ಣಿನ ಉಪ್ಪಿನಕಾಯಿ ಓದಿ ಬಾಯಲ್ಲಿ ನೀರೂರಿತು. ಆದರೆ ಪುಟಪುಟಕ್ಕೂ ಅದೇ ಸಾಲು: ಅಮ್ಮ ನನಗೆ ಹೇಳಿದ್ದು, ಅಮ್ಮ ನನಗೆ ಹೇಳಿದ್ದು. ಹನ್ನೊಂದನೇ ವಯಸ್ಸಿನಿಂದ ಒಲೆ ಮುಂದೆ ಬೆಂದವಳು ತಾನು. ಜಗಲಿಯಲ್ಲಿ ಅಮ್ಮನ ಪಕ್ಕ ಕೂತು ಬಟಾಣಿ ಸುಲಿಯುತ್ತಾ ಹರಟಿದವಳು ನೆಲ್ಡಾ. ದುಡಿದವಳಿಗೆ ಸೌದೆ ಹೊಗೆ, ಕೂತವಳಿಗೆ ಅಮ್ಮನ ಬಾಯಿಮಾತೆಲ್ಲ!

ಅರವತ್ತಮೂರನೇ ಪುಟಕ್ಕೆ ಬಂದಾಗ ಮಾತ್ರ ಪುಟ ತಿರುವುವುದನ್ನು ನಿಲ್ಲಿಸಿದಳು. ಕ್ಯಾರಮೆಲ್ ಕೇಕ್. ಅಮ್ಮನ ಕೇಕ್. ಅಮ್ಮನ ನಂತರ ಅದು ಸರಿಯಾಗಿ ಬರುತ್ತಿದ್ದದ್ದು ವೆರ್ಲೀನ್ ಒಬ್ಬಳ ಕೈಯಲ್ಲಿ. ಪುಸ್ತಕಕ್ಕೆಂದು ನೆಲ್ಡಾ ಕೇಳಿದಾಗ ಬರೆದುಕೊಟ್ಟಿದ್ದಳು, ಆದರೆ ಒಂದು ಸಾಮಾನು ಬಿಟ್ಟು. ಆ ಕಡೆ ಯಾವ ಹೆಂಗಸೂ ತನ್ನ ಕೈಅಡುಗೆಯನ್ನು ಪೂರ್ತಿ ಬರೆದುಕೊಡುವುದಿಲ್ಲ, ಇಸಕೊಳ್ಳುವವಳಿಗೂ ಅದು ಗೊತ್ತು. ಆದರೆ ವೆರ್ಲೀನ್ ಬಿಟ್ಟದ್ದು ಶುದ್ಧ ಹೊಟ್ಟೆಕಿಚ್ಚಿನಿಂದ. ಊರವರೆಲ್ಲ ಮಾಡಿ ಕೆಡಿಸಿಕೊಂಡು ಪುಸ್ತಕಕ್ಕೆ ಉಗಿಯಲಿ ಅಂತ.

ಕೆಳಗೆ ನೆಲ್ಡಾ ಬರೆದಿದ್ದಳು: "ಮೂರು ಸಲ ಮಾಡಿದೆ. ಮೂರು ಸಲವೂ ಮೇಲಿನ ಪಾಕ ಮರಳುಮರಳಾಯಿತು. ತಪ್ಪು ನನ್ನ ಕೈಯದು. ಈ ಕೇಕ್ ತಿನ್ನಬೇಕೆನಿಸಿದರೆ ನಮ್ಮಕ್ಕನ ಮನೆಗೆ ಹೋಗಿ."

ಸಂತೋಷ ಆಗಬೇಕಿತ್ತು. ಆಗಲಿಲ್ಲ. ಸೋತೆ ಅಂತ ಬರೆದೂ ದೊಡ್ಡವಳಾಗುತ್ತಾಳಲ್ಲ, ಮಾಯಗಾತಿ! ಏಪ್ರನ್ ಬಿಚ್ಚದೆ ಎರಡು ಬೀದಿ ದಾಟಿ ತಂಗಿಯ ಮನೆಗೆ ಹೋದಳು.

"ಏನೇ ಇದು? ನನ್ನ ಅಟ್ಟಕ್ಕೇರಿಸಿ ನೀನು ಒಳ್ಳೆಯವಳು ಅನ್ನಿಸ್ಕೊಳ್ಳೋ ಆಟ?"

ನೆಲ್ಡಾ ಒಳಗೆ ಹೋಗಿ ಹಳದಿಗಟ್ಟಿದ ಚೀಟಿಯೊಂದನ್ನು ತಂದು ಅಕ್ಕನ ಕೈಗಿಟ್ಟಳು. ಅಮ್ಮನ ಕೈಬರಹ. ನೆಲ್ಡಾಳ ಮದುವೆಯಲ್ಲಿ ಬರೆದುಕೊಟ್ಟದ್ದು. ಅದೇ ಕೇಕ್. ಅದೇ ಸಾಮಾನು ಅದರಲ್ಲೂ ಇರಲಿಲ್ಲ.

"ನೀನು ಕೊಟ್ಟಿದ್ದೂ ಅಮ್ಮ ಕೊಟ್ಟಿದ್ದೂ ಒಂದೇ. ಏನೋ ಬಿಟ್ಟಿದ್ದೀರ ಇಬ್ರೂ. ಅಮ್ಮ ಸಾಯೋವರೆಗೂ ಕೇಳ್ದೆ ಕಣಕ್ಕ. ಅದು ವೆರ್ಲೀನ್‌ದು, ಅವಳನ್ನೇ ಕೇಳು ಅನ್ನೋಳು. ಕಥೆ ಬಿಡು, ಅದನ್ನ ಅಂಚೆಯವನಿಗೂ ಹೇಳ್ತಿದ್ಲು; ಈ ಕೇಕ್ ಮಾತ್ರ ನಿಂಗೊಬ್ಬಳಿಗೇ."

ವೆರ್ಲೀನ್‌ಗೆ ಒಂದು ಗಳಿಗೆ ಜೇನು ಕುಡಿದಷ್ಟು ಹಿತವಾಯಿತು. ಆಮೇಲೆ ತಂಗಿಯ ಮುಖ ನೋಡಿದಳು. ತುಟಿ ನಗುತ್ತಿತ್ತು, ಕಣ್ಣು ಉರಿಯುತ್ತಿತ್ತು. ಇಡೀ ವಾರ ತಾನು ಕನ್ನಡಿಯಲ್ಲಿ ಕಂಡದ್ದು ಇದೇ ಮುಖ.

"ಏನದು, ಹೇಳು. ನನಗೂ ಅರವತ್ತೆಂಟಾಯ್ತು."

ಹೇಳಿಬಿಟ್ಟರೆ ತನ್ನದು ಅಂತ ಇನ್ನೇನುಳಿಯಿತು? ವೆರ್ಲೀನ್‌ಗೆ ಒಂದು ಯೋಚನೆ ಬಂತು.

"ಪೂರ್ತಿ ಯಾರೂ ಕೊಡಲ್ಲ ಕಣೇ. ಪುಸ್ತಕದಲ್ಲಿ ನೀನೂ ಒಂದು ಬಿಟ್ಟಿರ್ತೀಯ. ಯಾವ ಕಥೆ ಬಿಟ್ಟೆ, ಅದನ್ನ ಹೇಳು ಮೊದಲು."

ನೆಲ್ಡಾಳ ಕಿವಿ ಕೆಂಪಾದವು.

"ನಿನ್ನದು," ಎಂದಳು. "ನಿಂಗೆ ಹನ್ನೊಂದು ವರ್ಷ ಇದ್ದಾಗ ಅಮ್ಮ ಚಳಿಗಾಲವೆಲ್ಲ ಜ್ವರದಲ್ಲಿ ಮಲಗಿದ್ಲಲ್ಲ, ನೀನು ಪೆಟ್ಟಿಗೆ ಮೇಲೆ ನಿಂತ್ಕೊಂಡು ಏಳು ಜನಕ್ಕೆ ಬೇಯಿಸಿದ್ದು. ಅಮ್ಮ ಅಂದಿದ್ಲು, ವೆರ್ಲೀನ್ ನನ್ನ ಮಗಳಲ್ಲ, ನನ್ನ ತಾಯಿ ಅಂತ. ಬರೆಯೋಕೆ ಕೂತೆ. ಕೈ ಬರ್ಲಿಲ್ಲ ಕಣಕ್ಕ. ನನಗೆ ಹಾಗೆ ಯಾವತ್ತೂ ಅನ್ಲಿಲ್ಲ ಅವಳು."

ವೆರ್ಲೀನ್ ಏಪ್ರನ್ ಅಂಚಿನಲ್ಲಿ ಮೂಗು ಒರೆಸಿಕೊಂಡಳು.

"ಒಂದು ಚಮಚ ಜೋನಿಬೆಲ್ಲ," ಎಂದಳು. "ಹಾಲು ಕುದಿಯೋಕೆ ಮುಂಚೆ."

"ಅಯ್ಯೋ ದೇವರೇ! ಅಷ್ಟೇನಾ?"

"ಅಷ್ಟೇ. ಅಮ್ಮ ಏನಂದ್ಲು, ಇನ್ನೊಂದು ಸಲ ಹೇಳು."