ಅಂಗೈಯಲ್ಲಿ ಹಲ್ಲಿನ ಗುರುತು

ಮೌನೇಶ್ವರಿ ಅಂಗಡಿಯಿಂದ ಓಡಿ ಬಂದಾಗ ಒಂದೇ ಕಾಲಿಗೆ ಚಪ್ಪಲಿ ಇತ್ತು, ತುಟಿಗೆ ರಕ್ತ ಮೆತ್ತಿತ್ತು. ಎಲ್ಲೋ ಬಿದ್ದು ಹಲ್ಲು ಮುರಿದುಕೊಂಡಿರಬೇಕೆಂದು ತಾಯಿ ರೇಣುಕಮ್ಮ ಬಾಯಿ ತೆರೆಸಿ ನೋಡಿದಳು. ಹಲ್ಲುಗಳೆಲ್ಲ ನೆಟ್ಟಗಿದ್ದವು. ನಾಲಿಗೆಗೂ ಏನೂ ಆಗಿರಲಿಲ್ಲ.

"ಏನಾತವ್ವ?"

ಹುಡುಗಿ ಅಡುಗೆಮನೆಗೆ ಹೋಗಿ ಜೋಳದ ಚೀಲಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಕುಳಿತುಬಿಟ್ಟಳು. ಐದನೆಯ ತರಗತಿಯ ಹುಡುಗಿ, ಆ ಸಂದಿಯಲ್ಲಿ ಇನ್ನೂ ಸಣ್ಣವಳಂತೆ ಕಂಡಳು. ರೇಣುಕಮ್ಮ ಎದುರಿಗೆ ನೆಲದ ಮೇಲೆ ಕುಳಿತಳು. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆ ಆದಮ್ಮ, "ಚಾಕ್ಕ ಸಕ್ರಿ ತಾ ಅಂತ ಕಳಿಸಿದ್ರ ಬರೇ ಕೈಲೆ ಬಂದಾಳೇನು?" ಎಂದು ಅಲ್ಲಿಂದಲೇ ಕೂಗಿದಳು.

ಹೋದ ವರ್ಷ ಮಸ್ಕಿಯ ಈ ಓಣಿಯ ಶಾಲೆಗೆ ಒಬ್ಬ ಹೆಣ್ಣುಮಗಳು ಬಂದು, ಯಾರಾದರೂ ಕೆಟ್ಟ ರೀತಿಯಲ್ಲಿ ಮೈ ಮುಟ್ಟಿದರೆ ಏನು ಮಾಡಬೇಕೆಂದು ಮಕ್ಕಳಿಗೂ ತಾಯಂದಿರಿಗೂ ಹೇಳಿಕೊಟ್ಟಿದ್ದಳು. ಉಳಿದ ತಾಯಂದಿರು ಬಾಯಿಗೆ ಸೆರಗಿಟ್ಟು ನಕ್ಕು ಎದ್ದು ಬಂದಿದ್ದರು. ರೇಣುಕಮ್ಮ ಮಾತ್ರ ಮನೆಗೆ ಬಂದವಳೇ ಮಗಳ ಕೈ ಗಟ್ಟಿಯಾಗಿ ಹಿಡಿದು, "ಬಿಡಿಸ್ಕೋ ನೋಡೋಣು" ಎಂದಿದ್ದಳು. ಹೆಬ್ಬೆರಳಿನ ಕಡೆ ತಿರುವಿ ಎಳೆದರೆ ಹಿಡಿತ ಸಡಿಲಾಗುತ್ತದೆಂದು ಇಬ್ಬರೂ ಕಲಿತರು. ಒದರು, ಪರಚು, ಕಡಿ, ಓಡು. "ಮಾಡಿದವರು ಯಾರೇ ಇರ್ಲಿ. ಕಾಕಾ ಇರ್ಲಿ, ಮಾಸ್ತರ ಇರ್ಲಿ. ನನಗ ಬಂದು ಹೇಳು. ನಾ ಬೈಯಂಗಿಲ್ಲ, ಹೊಡಿಯಂಗಿಲ್ಲ" ಎಂದು ಮಾತು ಕೊಟ್ಟಿದ್ದಳು.

ಈಗ ಅದನ್ನೇ ಮತ್ತೆ ಹೇಳಿದಳು. "ಬೈಯಂಗಿಲ್ಲವ್ವ. ಹೇಳು."

ಮಗು ತಡೆದು ತಡೆದು ಹೇಳಿತು. ಬಸವಂತರಾಯ ಸಾವ್ಕಾರರ ಕಿರಾಣಿ ಅಂಗಡಿಯಲ್ಲಿ ಆಳು ಊಟಕ್ಕೆ ಹೋಗಿದ್ದ. ಚಲೋ ಸಕ್ರಿ ಒಳಗಿನ ಗೋದಾಮಿನಲ್ಲಿದೆ ಬಾ ಎಂದು ಸಾವ್ಕಾರ ಕರೆದ. ಇವಳು ಒಳಗೆ ಹೋದ ಮೇಲೆ ಶಟರ್ ಅರ್ಧ ಇಳಿಸಿದ.

"ಮುಟ್ಟಬಾರದಂಗ ಮುಟ್ಟಿದ್ರು ಯವ್ವ. ಬ್ಯಾಡ್ರಿ ಅಂದೆ. ಒದರಿದೆ. ಬಾಯಿ ಮುಚ್ಚಿದ್ರು. ಕಡದೆ." ಮೊಣಕಾಲು ತಬ್ಬಿಕೊಂಡು, "ನಿಮ್ಮವ್ವಗ ಹೇಳಿದ್ರ ನಿಮ್ಮಪ್ಪಗ ಗಾಡಿ ಕೆಲಸ ಬಿಡಿಸ್ತೀನಿ ಅಂದ್ರು" ಎಂದಳು.

ರೇಣುಕಮ್ಮನಿಗೆ ಮೂಲೆಯಲ್ಲಿದ್ದ ಈಳಿಗೆ ಕಂಡಿತು. ಅದನ್ನು ಎತ್ತಿಕೊಂಡು ಅಂಗಡಿಗೆ ಹೋಗಿಬಿಡಬೇಕು ಅನ್ನಿಸಿತು. ಮಗಳು ತನ್ನ ಮುಖವನ್ನೇ ನೋಡುತ್ತಿದ್ದಳು. ಹಾಗಾಗಿ ಎದ್ದೇಳಲಿಲ್ಲ.

"ಹೇಳಿದ್ದು ಚಲೋ ಮಾಡಿದಿ. ಕಡದಿದ್ದೂ ಚಲೋ ಮಾಡಿದಿ. ನಿಂದೇನೂ ತಪ್ಪಿಲ್ಲ."

ಆದಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಮೆಲ್ಲಕ ಮಾತಾಡಲೇ ರೇಣುಕಿ" ಎಂದು ಮುಂಬಾಗಿಲು ಹಾಕಿ ಬಂದಳು. "ಮಂದಿ ಕಿವಿಗೆ ಬಿದ್ರ ಈ ಹುಡುಗಿ ಬಾಳೇವು ಏನಾಕೈತಿ? ಯಾರು ಮಾಡ್ಕೋತಾರ ನಾಳೆ? ಆ ಅಂಗಿ ಬಿಚ್ಚಿ ಕೊಡು, ತೊಳದು ಹಾಕ್ತೀನಿ. ಏನೂ ಆಗಿಲ್ಲ ಅಂತ ತಿಳ್ಕೋ."

ಬಿಳಿ ಅಂಗಿಯ ಕೊರಳಪಟ್ಟಿಗೆ ರಕ್ತದ ಹನಿಗಳಿದ್ದವು. ಆದಮ್ಮ ಅದನ್ನು ಬಿಚ್ಚಿಸಿ ಬಚ್ಚಲಿಗೆ ಒಯ್ಯುತ್ತಿದ್ದಾಗ ರೇಣುಕಮ್ಮ ಕಸಿದುಕೊಂಡಳು. "ಇದನ್ನ ಮುಟ್ಟಿದ್ರ ನಾ ಸುಮ್ಮನಿರಂಗಿಲ್ಲ ಅತ್ತಿ." ಆ ಮನೆಗೆ ಬಂದಂದಿನಿಂದ ಅತ್ತೆಗೆ ಹಾಗೆ ಎದುರಾಡಿದವಳಲ್ಲ. ಆದಮ್ಮ ಸಿಟ್ಟಿನಿಂದ ಬೆನ್ನು ತಿರುಗಿಸಿದಳು. ಅಂಗಿಯನ್ನು ತೊಳೆಯದೆ ಮಡಚಿ ಟ್ರಂಕಿನಲ್ಲಿಟ್ಟು ರೇಣುಕಮ್ಮ ಕೀಲಿ ಹಾಕಿದಳು.

ಗಂಡ ವಿರೇಶ ಬಸವಂತರಾಯನ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಅಂದು ಲಿಂಗಸುಗೂರಿಗೆ ಮಾಲು ಹಾಕಿ ವಾಪಸು ಬರುವ ದಾರಿಯಲ್ಲೇ ಸಾವ್ಕಾರನ ಫೋನು ಬಂದಿತ್ತು. ಬಾಗಿಲು ದೂಡಿಕೊಂಡು ಒಳಗೆ ಬಂದ.

"ಎಲ್ಲಿ ಆಕಿ? ಕಳವು ಮಾಡ್ಯಾಳಂತ! ಚಾಕಲೇಟು ಕದ್ದಳಂತ ಕೈ ಹಿಡದ್ರ ಸಾವ್ಕಾರ್ರಿಗೆ ನಾಯಿಗತೆ ಕಡದಾಳಂತ!"

ಮಗಳು ಕಂಡೊಡನೆ ಕೈ ಎತ್ತಿದ. ರೇಣುಕಮ್ಮ ನಡುವೆ ಬಂದು ಆ ಕೈ ಹಿಡಿದಳು.

"ಮೊದ್ಲು ಕೇಳ್ರಿ. ಕೇಳಿದ ಮ್ಯಾಲೂ ಹೊಡಿಬೇಕು ಅನಿಸಿದ್ರ ನನ್ನ ಹೊಡೀರಿ."

ನಡೆದದ್ದನ್ನೆಲ್ಲ ಅವಳೇ ಹೇಳಿದಳು. ವಿರೇಶ ಹೊಸ್ತಿಲ ಮೇಲೆ ಕುಳಿತ. "ಸಾವ್ಕಾರ್ರು ಅಂಥವರಲ್ಲಲ್ಲ..." ಎಂದ.

"ಹಂಗಾರ ನಿಮ್ಮ ಮಗಳು ಸುಳ್ಳಿ ಏನು?"

ವಿರೇಶ "ಬಾ ಇಲ್ಲಿ ತಾಯಿ" ಎಂದು ಮಗಳನ್ನು ಕರೆದ. ಮೌನೇಶ್ವರಿ ಬರಲಿಲ್ಲ. ತಾಯಿಯ ಸೀರೆ ಹಿಡಿದುಕೊಂಡು ಅವನ ಕೈಯನ್ನೇ ನೋಡುತ್ತಿದ್ದಳು, ಈಗಷ್ಟೇ ಎತ್ತಿದ್ದ ಕೈಯನ್ನು. ವಿರೇಶ ಆ ಕೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡ.

ಅಷ್ಟರಲ್ಲಿ ಅವರು ಬಂದರು. ಮುಂದೆ ಬಸವಂತರಾಯ, ಬಲಗೈಗೆ ದಪ್ಪ ಪಟ್ಟಿ ಸುತ್ತಿತ್ತು. ಹಿಂದೆ ಅವನ ಹೆಂಡತಿಯ ತಮ್ಮ ಅನಿಲಕುಮಾರ, ಮತ್ತೆ ಓಣಿಯಲ್ಲಿ ನ್ಯಾಯ ಹೇಳುವ ಹಿರಿಯ ರಾಮಣ್ಣ. ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಬಸವಂತರಾಯ ಕುಳಿತ. ಬಾಗಿಲ ಹೊರಗೆ ಓಣಿಯ ಮಂದಿ ಸೇರತೊಡಗಿದರು.

"ವಿರೇಶ, ನಿನ್ನ ನಾ ಮನಿ ಮಗನಂಗ ನೋಡೀನಿ. ಹೌದಿಲ್ಲೋ?"

"ಹೌದ್ರಿ" ಎಂದ ವಿರೇಶ. ರೂಢಿಯಿಂದ ಬಂದ ಮಾತು ಅದು.

"ನಿನ್ನ ಮಗಳು ನನ್ನ ಕಣ್ಣೆದುರಿಗೆ ಕದ್ದಾಳ. ಕೈ ಹಿಡದೆ, ಕಡದು ಓಡಿ ಬಂದಾಳ. ಸಣ್ಣಾಕಿ, ಹೋಗ್ಲಿ ಬಿಡು. ಇವರ ಮುಂದ ನನ್ನ ಕಾಲಿಗೆ ಬಿದ್ದು ತಪ್ಪಾತು ಅನ್ಲಿ. ಇಲ್ಲಿಗೆ ಮುಗೀತು."

ವಿರೇಶ ತಲೆ ಎತ್ತಲಿಲ್ಲ. ಆದಮ್ಮ ಮೂಲೆಯಿಂದ, "ಬೀಳ್ತಾಳ ಬಿಡ್ರಿ ಯಪ್ಪಾ, ಸಣ್ಣ ಕೂಸು" ಎಂದು ಮೊಮ್ಮಗಳ ರಟ್ಟೆಗೆ ಕೈ ಹಾಕಿದಳು. ರೇಣುಕಮ್ಮ ಆ ಕೈ ತಳ್ಳಿ ಮುಂದೆ ಬಂದಳು.

"ಯಾವ ಕೈಲೆ ಹಿಡದ್ರಿ ಸಾವ್ಕಾರ್ರ?"

"ಇದ ಕೈಲೆ." ಪಟ್ಟಿಯ ಕೈ ಎತ್ತಿ ತೋರಿಸಿದ.

"ಪಟ್ಟಿ ಬಿಚ್ಚಿ ತೋರಸ್ರಿ. ಎಲ್ಲಿ ಕಡದಾಳ ನೋಡೋಣು."

"ಏಯ್!" ಅನಿಲಕುಮಾರ ಗದರಿದ. "ಗಂಡಸರು ಮಾತಾಡೋ ಹೊತ್ತಿಗೆ ನಿಂದೇನಲೇ ನಡುವ?"

ರಾಮಣ್ಣ ಕೈ ಅಡ್ಡ ಹಿಡಿದ. ಅವನು ಬಂದದ್ದು ಸಾವ್ಕಾರನ ಪರವಾಗಿಯೇ. "ತೋರಸ್ರಿ, ಏನಾಕೈತಿ? ಗಾಯ ನೋಡಿದ್ರ ಆಕಿನೂ ಸುಮ್ಮನಾಗ್ತಾಳ" ಎಂದು ತಾನೇ ಪಟ್ಟಿ ಬಿಚ್ಚಿದ.

ಕೈಯ ಮೇಲ್ಭಾಗದಲ್ಲಿ ಏನೂ ಇರಲಿಲ್ಲ. ಮಣಿಕಟ್ಟಿಗೂ ಗಾಯವಿರಲಿಲ್ಲ. ಅಂಗೈ ಒಳಗೆ, ಬೆರಳುಗಳ ಬುಡದಲ್ಲಿ, ಮಗುವಿನ ಹಲ್ಲುಗಳು ಸಾಲಾಗಿ ಊರಿದ್ದವು.

ರೇಣುಕಮ್ಮ ತನ್ನ ಬಲಗೈಯಿಂದ ತನ್ನದೇ ಎಡ ಮಣಿಕಟ್ಟು ಹಿಡಿದು ರಾಮಣ್ಣನ ಮುಂದೆ ಚಾಚಿದಳು.

"ನೋಡ್ರಿ ಅಣ್ಣಾರ. ಕಳ್ಳರ ಕೈ ಹಿಂಗ ಹಿಡೀತಾರ. ಹಿಂಗ ಹಿಡದಾಗ ಕಡದ್ರ ಹಲ್ಲು ಬೀಳೋದು ಮ್ಯಾಲ, ಬೆರಳ ಗೆಣ್ಣಿನ ಮ್ಯಾಲ. ಅಂಗೈಯಾಗ ಮಗುವಿನ ಕೈ ಇರ್ತೈತಿ. ಅಲ್ಲಿ ಬಾಯಿ ಹೆಂಗ ಹೋತು?" ಆಮೇಲೆ ಆ ಬಲಗೈಯನ್ನು ತನ್ನ ಬಾಯಿಗೆ ಒತ್ತಿ ತೆಗೆದಳು. "ಹಿಂಗ ಬಾಯಿ ಮುಚ್ಚಿದ್ರ ಹೋಗ್ತೈತಿ. ಚಾಕಲೇಟು ಕದ್ದ ಮಗುವಿನ ಬಾಯಿ ಯಾಕ ಮುಚ್ಚಿದ್ರಿ ಸಾವ್ಕಾರ್ರ? ಶಟರ್ ಯಾಕ ಇಳಿಸಿದ್ರಿ?"

ಬಾಗಿಲ ಹೊರಗಿನ ಮಂದಿ ಒಳಗೆ ಇಣುಕಿದರು. ರಾಮಣ್ಣ ಪಟ್ಟಿಯ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಬಸವಂತರಾಯನ ಮುಖ ನೋಡಿದ. ಆ ಮುಖ ಕಪ್ಪಿಟ್ಟಿತ್ತು.

"ಇಷ್ಟು ಸೊಕ್ಕು ಬಂತೇನು ನಿಮಗ?" ಬಸವಂತರಾಯ ಎದ್ದು ನಿಂತ. "ವಿರೇಶ, ಹೆಂಡ್ತಿ ಬಾಯಿ ಮುಚ್ಚಸ್ತಿಯೋ, ಗಾಡಿ ಕೀಲಿ ಇಡ್ತಿಯೋ? ಈಗ ಹೇಳು."

ವಿರೇಶ ಎದ್ದ. ಜೇಬಿನಿಂದ ಕೀಲಿ ತೆಗೆದು ಕುರ್ಚಿಯ ಮೇಲಿಟ್ಟ.

"ಇಟ್ಟೀನ್ರಿ. ಇನ್ನ ನಮ್ಮ ಮನಿ ಬಿಟ್ಟು ನಡೀರಿ." ಬಾಗಿಲತ್ತ ಕೈ ತೋರಿಸಿದ. "ನಡೀರಿ ಅಂದ್ನೆಲ್ಲ!"

ಹೋಗುವಾಗ ಅನಿಲಕುಮಾರ ಎಲ್ಲರಿಗೂ ಕೇಳುವಂತೆ, "ಮಗಳ ಇಜ್ಜತ್ ಬಜಾರಕ್ಕ ಇಡಾಕತ್ತೀರಿ. ಈ ಓಣ್ಯಾಗ ಹೆಂಗ ಬಾಳ್ತೀರಿ ನೋಡ್ತೀನಿ" ಎಂದ. ಗುಂಪಿನಲ್ಲಿ ಯಾರೋ "ಹೌದು ಮತ್ತ" ಎಂದದ್ದು ರೇಣುಕಮ್ಮನಿಗೆ ಕೇಳಿಸಿತು.

ಬಾಗಿಲು ಹಾಕಿದವಳೇ ಗಂಡನ ಫೋನು ತೆಗೆದುಕೊಂಡು ಮಕ್ಕಳ ಸಹಾಯವಾಣಿಗೆ ಮಾಡಿದಳು. ಶಾಲೆಗೆ ಬಂದಿದ್ದ ಆ ಹೆಣ್ಣುಮಗಳು ಹೇಳಿಕೊಟ್ಟ ನಂಬರು, ಒಂದು ಸೊನ್ನೆ ಒಂಬತ್ತು ಎಂಟು. ಆ ಕಡೆಯ ಹೆಣ್ಣುದನಿ ಅವಸರ ಮಾಡದೆ ಎಲ್ಲ ಕೇಳಿತು. ಮಗುವಿಗೆ ಮತ್ತೆ ಮತ್ತೆ ಅದನ್ನೇ ಕೇಳಬೇಡಿರಿ, ಬಟ್ಟೆ ತೊಳೆಯಬೇಡಿರಿ ಎಂದಿತು. ಮರುದಿನ ಬೆಳಿಗ್ಗೆ ಸಾದಾ ಸೀರೆ ಉಟ್ಟ ಪೊಲೀಸ್ ಹೆಣ್ಣುಮಗಳು ಮನೆಗೇ ಬಂದಳು. ಮೌನೇಶ್ವರಿಯ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, ಅವಳು ಹೇಳಿದಷ್ಟನ್ನು ಅವಳ ಮಾತಿನಲ್ಲೇ ಬರೆದುಕೊಂಡಳು. ಟ್ರಂಕಿನಲ್ಲಿದ್ದ ಅಂಗಿಯನ್ನು ಕಾಗದದ ಚೀಲದಲ್ಲಿ ಹಾಕಿ ಮೊಹರು ಮಾಡಿದಳು. ಸಂಜೆ ಹೊತ್ತಿಗೆ ಬಸವಂತರಾಯನನ್ನು ಹಿಡಿದರು.

ಆ ಸಂಜೆಯಿಂದ ಓಣಿ ಇವರಿಗೆ ಮುಖ ತಿರುಗಿಸಿತು. ನಳದ ಹತ್ತಿರ ರೇಣುಕಮ್ಮನ ಕೊಡವನ್ನು ಸರದಿಯಿಂದ ಹೊರಗಿಡುತ್ತಿದ್ದರು. "ಅಂಗಡಿ ಮುಚ್ಚೈತಿ, ಕಿರಾಣಿ ಬೇಕಂದ್ರ ಇನ್ನ ಅಷ್ಟು ದೂರ ಹೋಗ್ಬೇಕು, ಇವರ ದೆಸಿಯಿಂದ" ಎಂದು ಅವಳೆದುರಿಗೇ ಆಡಿಕೊಳ್ಳುತ್ತಿದ್ದರು. ಮೌನೇಶ್ವರಿ ಆಡಲು ಹೋದರೆ ಉಳಿದ ಮಕ್ಕಳನ್ನು ತಾಯಂದಿರು ಒಳಗೆ ಕರೆದುಕೊಳ್ಳುತ್ತಿದ್ದರು. ಆದಮ್ಮ ಬಟ್ಟೆ ಗಂಟು ಕಟ್ಟಿಕೊಂಡು ಗುರುಗುಂಟಾದ ಮಗಳ ಮನೆಗೆ ಹೊರಟಳು. ಬಸ್ಸು ಹತ್ತುವಾಗ, "ನನ್ನ ಮಾತು ಕೇಳಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದಳು.

"ಆ ಸಾವ್ಕಾರಗ ಗೊತ್ತಿರ್ತಿತ್ತಲ್ಲ ಅತ್ತಿ. ಬಾಯಿ ಮುಚ್ಚಿದ್ರ ಇವರು ಮುಚ್ಕೋತಾರ ಅಂತ" ಎಂದಳು ರೇಣುಕಮ್ಮ. ಆದಮ್ಮ ಕಿಟಕಿಯ ಆಚೆಗೆ ನೋಡುತ್ತ ಕುಳಿತಳು.

ಮಸ್ಕಿಯಲ್ಲಿ ವಿರೇಶನಿಗೆ ಯಾರೂ ಗಾಡಿ ಕೊಡಲಿಲ್ಲ. ರೇಣುಕಮ್ಮನ ತವರು ಸಿಂಧನೂರು ಕಡೆಯ ಮುಕ್ಕುಂದ. ಅವಳ ಅಣ್ಣ ಹೇಳಿ, ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ಲಾರಿ ಓಡಿಸುವ ಕೆಲಸ ಹಚ್ಚಿಕೊಟ್ಟ. ವಿರೇಶ ದಿನಾ ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದ. ಬಂದವನೇ ಮಗಳಿಂದ ಸ್ವಲ್ಪ ದೂರದಲ್ಲಿ ಕುಳಿತು, "ಇವತ್ತು ಸಾಲ್ಯಾಗ ಏನು ಕಲಿಸಿದ್ರವ್ವ?" ಎಂದು ಕೇಳುತ್ತಿದ್ದ. ಬಹಳ ದಿನ ಅವಳು ದೂರದಿಂದಲೇ ಉತ್ತರ ಕೊಟ್ಟಳು. ಒಂದು ದಿನ ಎದ್ದು ಬಂದು ಅವನ ಮಗ್ಗುಲಲ್ಲಿ ಕುಳಿತಳು. ಅವನು ಅಲುಗಾಡದೆ ಕುಳಿತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಹಿಂದಿನ ಸಾಲಿನ ಮೆಹಬೂಬ್‌ಬೀ ಬಂದಳು. ನಳದ ಹತ್ತಿರ ಎಲ್ಲರಿಗಿಂತ ಜೋರಾಗಿ ರೇಣುಕಮ್ಮನನ್ನು ಆಡಿಕೊಂಡವಳು ಅವಳೇ. ರೇಣುಕಮ್ಮ ಒಳಗೆ ಬಾ ಅನ್ನಲಿಲ್ಲ.

"ಏನು ಬೇಕಿತ್ತು?"

"ನನ್ನ ಮಗಳು ಆ ಅಂಗಡಿಗೆ ಹೋಗವಲ್ಲೆ ಅಂತಿದ್ಲು" ಎಂದಳು ಮೆಹಬೂಬ್‌ಬೀ. "ಭಾಳ ದಿನದಿಂದ. ಎಣ್ಣಿ ತಾ ಅಂದ್ರ ಅಳ್ತಿದ್ಲು. ಮೈಗಳ್ಳಿ ಅಂತ ಹೊಡದೀನಿ ನಾ. ಹೊಡದು ಹೊಡದು ಕಳಿಸೀನಿ." ಅವಳು ತನ್ನ ಬಲಗೈ ನೋಡಿಕೊಂಡಳು. "ನಿನ್ನೆ ಕುಂದ್ರಿಸಿಕೊಂಡು ಕೇಳ್ದೆ. ಬೈಯಲ್ಲ ಅಂತ ಖುದಾನ ಆಣಿ ಮಾಡಿದ ಮ್ಯಾಲ ಹೇಳಿದ್ಲು."

ರೇಣುಕಮ್ಮನಿಗೆ ಅವಳ ಮೇಲೆ ಕರುಣೆ ಬರಲಿಲ್ಲ. ಆದರೆ ಚಪ್ಪಲಿ ಮೆಟ್ಟಿಕೊಂಡು, "ನಡಿ, ಠಾಣೆಕ್ಕ ಹೋಗೋಣು. ಮಗಳನ್ನ ಕರ್ಕೋ. ದಾರ್‍ಯಾಗ ಆಕಿನ್ನ ಏನೂ ಕೇಳಬ್ಯಾಡ" ಎಂದಳು.

ಎರಡನೆಯ ದೂರು ದಾಖಲಾಯಿತು. ಹಾಗಿದ್ದೂ ಕೆಲವು ತಿಂಗಳ ಮೇಲೆ ಬಸವಂತರಾಯನಿಗೆ ಜಾಮೀನು ಸಿಕ್ಕಿತು. ಆ ಮಕ್ಕಳಿದ್ದ ಕಡೆ ಸುಳಿಯಬಾರದು, ಯಾರನ್ನೂ ಹೆದರಿಸಬಾರದು ಎಂದು ಕೋರ್ಟು ಹೇಳಿತ್ತು. ಹೊರಗೆ ಬಂದ ವಾರದಲ್ಲೇ ಅವನು, ಶಾಲೆ ಬಿಡುವ ಹೊತ್ತಿಗೆ, ಅನಿಲಕುಮಾರನ ಬೈಕಿನ ಹಿಂದೆ ಕುಳಿತು ಓಣಿಗೆ ಬಂದ. ತಾಯಿಯೊಡನೆ ಬರುತ್ತಿದ್ದ ಮೌನೇಶ್ವರಿಯ ಪಕ್ಕದಲ್ಲಿ ಬೈಕು ನಿಧಾನವಾಯಿತು.

"ಕೋರ್ಟಿನ್ಯಾಗ ಏನು ಹೇಳ್ಬೇಕಂತ ವಿಚಾರ ಮಾಡಿ ಹೇಳವ್ವ" ಎಂದ ಬಸವಂತರಾಯ, ಮುದ್ದು ಮಾಡುವವನ ದನಿಯಲ್ಲಿ.

ರೇಣುಕಮ್ಮ ಬಾಯಿ ತೆರೆಯುವ ಮೊದಲೇ ಮಗಳು ಒದರಿದಳು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ, "ಬಸವಂತರಾಯ ಬಂದಾನ! ಇವನೇ ಬಂದಾನ! ನನ್ನ ಹೆದರಸಾಕತ್ತಾನ!" ಎಂದಳು. ಓಣಿಯ ಬಾಗಿಲುಗಳು ತೆರೆದವು. ಹೊರಬಂದವರು ಯಾರೂ ಇವರ ಹತ್ತಿರ ಬರಲಿಲ್ಲ. ಮೆಹಬೂಬ್‌ಬೀ ಒಬ್ಬಳೇ ಬೈಕಿಗೆ ಅಡ್ಡ ನಿಂತು ಫೋನಿನಲ್ಲಿ ವಿಡಿಯೋ ಮಾಡಿದಳು. ಅನಿಲಕುಮಾರ ಬೈಕು ತಿರುಗಿಸುವಾಗ ಅವಳ ಕಾಲಿಗೆ ಗುದ್ದಿಸಿಯೇ ಹೋದ.

ಆ ವಿಡಿಯೋ ಕೋರ್ಟಿಗೆ ಹೋಯಿತು. ಜಾಮೀನು ರದ್ದಾಗಿ ಬಸವಂತರಾಯ ಮತ್ತೆ ಜೈಲಿಗೆ ಹೋದ. ಅನಿಲಕುಮಾರನ ಮೇಲೂ ಕೇಸಾಯಿತು. ಮೌನೇಶ್ವರಿ ರಾಯಚೂರಿನ ಕೋರ್ಟಿಗೆ ಹೋಗಿ, ಬಸವಂತರಾಯ ಕಾಣದಂತೆ ಪರದೆ ಕಟ್ಟಿದ ಕೋಣೆಯಲ್ಲಿ ಜಡ್ಜರ ಮುಂದೆ ಎಲ್ಲ ಹೇಳಿ ಬಂದಳು. ತೀರ್ಪು ಇನ್ನೂ ಬರಬೇಕು.

ರಾಯಚೂರಿನಿಂದ ಬಂದ ಮರುದಿನ ರೇಣುಕಮ್ಮ ನೀರಿಗೆ ಹೋದಾಗ ನಳದ ಹತ್ತಿರ ನಿಂತಿದ್ದ ರಾಮಣ್ಣನ ಹೆಂಡತಿ, "ಅಷ್ಟು ದೊಡ್ಡ ಮನಿ ಹಾಳು ಮಾಡಿದ್ರಿ. ಇನ್ನೂ ಸಾಕಾಗಲಿಲ್ಲೇನು ನಿಮಗ?" ಎಂದಳು.

"ಇಲ್ಲ" ಎಂದಳು ರೇಣುಕಮ್ಮ. ಸರದಿಯಿಂದ ಹೊರಗಿಟ್ಟಿದ್ದ ತನ್ನ ಕೊಡವನ್ನು ಎತ್ತಿ ತಂದು ನಳದ ಕೆಳಗಿಟ್ಟಳು. ಯಾರೂ ಅದನ್ನು ಸರಿಸಲಿಲ್ಲ, ಯಾರೂ ಅವಳನ್ನು ಮಾತಾಡಿಸಲೂ ಇಲ್ಲ. ಕೊಡ ತುಂಬುವ ತನಕ ಅವಳು ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಳು.