ಭಗವಂತರಾಯರ ಕಿಟಕಿಗಳು

ಭಗವಂತರಾಯರು ಹಾಡುವ ಮುನ್ನ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು. ಶ್ರುತಿಪೆಟ್ಟಿಗೆ ಹದಕ್ಕೆ ಬಂದು, ತಬಲದವನು ಸುತ್ತಿಗೆ ಕೆಳಗಿಟ್ಟು, ಎದುರಿಗೆ ಕುಳಿತವರು ಕೆಮ್ಮಿ ಮುಗಿಸಿ, ಇನ್ನೇನು ಬಾಯಿ ತೆರೆಯಬೇಕು ಎನ್ನುವಾಗ ಅವರಿಗೆ ಕಿಟಕಿಯ ನೆನಪಾಗುತ್ತಿತ್ತು. ಒಮ್ಮೆ ದೊಡ್ಡನೆಕ್ಕುಂದಿಯ ಬಯಲಿನಲ್ಲಿ, ರಾಜ್ಯೋತ್ಸವದ ಶಾಮಿಯಾನದ ಕೆಳಗೆ, ಕಿಟಕಿಯೇ ಇಲ್ಲದ ಕಡೆಯೂ ಅವರ ಕಣ್ಣು ಎಡಬಲಕ್ಕೆ ಹರಿದಾಡಿದ್ದನ್ನು ನಾನು ಕಂಡಿದ್ದೇನೆ. ಮುಚ್ಚಲು ಏನೂ ಸಿಗದೆ, ಪಾಪ, ಮೈಕನ್ನು ದೂರ ಸರಿಸಿ, ಹೆಗಲ ಮೇಲಿನ ಟವೆಲ್ಲನ್ನು ಮಡಚಿ ಹಾರ್ಮೋನಿಯಮ್ಮಿಗೆ ಹೊದಿಸಿ ಹಾಡಿದರು. ಹಿಂದೆ ಕುಳಿತವರಿಗೆ ಅವರ ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

ಆಳಂದದ ಕಡೆಯ ಹಳ್ಳಿಯವರಾದ ಅವರು ತೊಂಬತ್ತರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು, ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿ ಸೇರಿ, ಬೈಯಪ್ಪನಹಳ್ಳಿಯ ಸುಭದ್ರಮ್ಮನ ವಠಾರದ ಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಸಂಜೆಯಾದರೆ ಅದೇ ಕೋಣೆ ಸಂಗೀತ ಶಾಲೆಯಾಗುತ್ತಿತ್ತು. ಗುಲ್ಬರ್ಗ, ಬೀದರ್, ರಾಯಚೂರುಗಳಿಂದ ದುಡಿಯಲು ಬಂದವರು, ತಮ್ಮ ಮಕ್ಕಳು ತತ್ವಪದವನ್ನೂ ನಾಲ್ಕು ರಾಗಗಳನ್ನೂ ಮರೆಯಬಾರದೆಂದು ಅಲ್ಲಿಗೆ ಕಳಿಸುತ್ತಿದ್ದರು. ಆ ವಠಾರದಲ್ಲಿ ರಾತ್ರಿ ಪಾಳಿಯವರು ಹಗಲಿನಲ್ಲಿ, ಹಗಲು ಪಾಳಿಯವರು ರಾತ್ರಿಯಲ್ಲಿ ಮಲಗುತ್ತಿದ್ದುದರಿಂದ ಯಾರೂ ಮಲಗಿರದ ಗಳಿಗೆಯೇ ಇರಲಿಲ್ಲ. ಸುಭದ್ರಮ್ಮ ಕೆಟ್ಟವಳಲ್ಲ, ಬೇಸಿಗೆಯಲ್ಲಿ ಮಕ್ಕಳಿಗೆಲ್ಲ ಮಜ್ಜಿಗೆ ಕಳಿಸುವವಳು. ಆದರೆ ಮಜ್ಜಿಗೆಯ ಹಿಂದೆಯೇ ಅವಳ ಮಾತೂ ಮೆಟ್ಟಿಲು ಹತ್ತಿ ಬರುತ್ತಿತ್ತು: "ಮೇಷ್ಟ್ರೇ, ಸ್ವಲ್ಪ ಮೆಲ್ಲಗೆ ಹಾಡ್ಕೊಳ್ಳಿ. ನೈಟ್ ಶಿಫ್ಟ್‌ನೋರು ಮಲಗಿದ್ದಾರೆ."

ನಾನು ಹಲಸೂರಿನವನು. ನಮ್ಮ ಕೇರಿಯಲ್ಲಿ ದೇವರಿಂದ ಹಿಡಿದು ತರಕಾರಿ ಗಾಡಿಯವನವರೆಗೆ ಎಲ್ಲರಿಗೂ ಲೌಡ್‌ಸ್ಪೀಕರ್ ಇದೆ. ಹೀಗಿರುವಾಗ, ನಡುವಯಸ್ಸಿನಲ್ಲಿ ಹಾರ್ಮೋನಿಯಂ ಕಲಿಯುವ ಹುಚ್ಚು ಹತ್ತಿ ಆ ಮಹಡಿ ಏರಿದ ನನಗೆ, ಕೋಣೆ ತುಂಬ ಮಕ್ಕಳು ಗುಟ್ಟು ಹೇಳಿಕೊಳ್ಳುವ ಹಾಗೆ ಸರಿಗಮ ಹೇಳುತ್ತಿದ್ದುದನ್ನು ನೋಡಿ ನಗು ತಡೆಯಲಾಗಲಿಲ್ಲ. ಹಾರ್ಮೋನಿಯಂ ನನಗೆ ಒಲಿಯಲಿಲ್ಲ, ಆ ಮಾತು ಬಿಡಿ, ಮೇಷ್ಟ್ರು ಒಲಿದರು.

ಅವರ ನಡಿಗೆಯೂ ಬಾಡಿಗೆದಾರನದೇ. ಕೆಳಗೆ ಯಾರೋ ಮಲಗಿದ್ದಾರೆಂಬ ಎಚ್ಚರ ಪಾದಕ್ಕೆ ಇಳಿದುಬಿಟ್ಟು, ನಡುಬೀದಿಯಲ್ಲಿಯೂ ಬೆರಳ ತುದಿಯನ್ನು ಮೊದಲು ಊರಿ, ಹಿಮ್ಮಡಿಯನ್ನು ಆಮೇಲೆ ಇಳಿಸುತ್ತಿದ್ದರು. 'ಸಾವಕಾಶ್ರೀ' ಎಂಬುದು ಅವರ ಮಾತಿನ ಮೊದಲೂ ಕೊನೆಯೂ. ಬಾಗಿಲಿಗೆ, ಬಸ್ಸಿಗೆ, ತಾನ್ ತೆಗೆಯುವ ಹುಡುಗಿಗೆ, ಕುದಿಯುವ ಚಹಾಕ್ಕೆ, ಎಲ್ಲಕ್ಕೂ ಅದೊಂದೇ ಮಾತು. ಬೇಸಿಗೆಯಲ್ಲಿಯೂ ತೊಡುತ್ತಿದ್ದ ಬೂದುಬಣ್ಣದ ಕೋಟಿನ ಜೇಬಿನಲ್ಲಿ ಬಟ್ಟೆಯ ಸಣ್ಣ ಸುರುಳಿಗಳಿರುತ್ತಿದ್ದವು. ಅವು ಕಿಟಕಿಯ ಸಂದಿಗೆ ತುರುಕಲು ಎಂದು ತಿಳಿದಾಗ ನಗುವುದನ್ನು ನಿಲ್ಲಿಸಿದೆ.

ಅವರ ನಿಜವಾದ ದನಿಯ ಕಥೆ ಹೇಳಿದವಳು ಹೆಂಡತಿ ಜಟ್ಟೆಮ್ಮ. ಊರಿನ ಮಠದ ಕಟ್ಟೆಯ ಮೇಲೆ ನಸುಕಿನಲ್ಲಿ ಅವರು ಹಾಡಿದರೆ ಹಳ್ಳದಾಚೆಯ ತೊಗರಿ ಹೊಲಕ್ಕೆ ಕೇಳಿಸುತ್ತಿತ್ತಂತೆ. ಆ ಹೊಲ ಇವಳ ತಂದೆಯದು. ಗಂಡನ ಮುಖ ಕಾಣುವ ಮೊದಲೇ ಅವನ ದನಿಯನ್ನು ಕಂಡವಳು ಅವಳು. ರೊಟ್ಟಿ ತಟ್ಟುತ್ತಲೇ, ನನ್ನತ್ತ ತಿರುಗದೆ, ಆಕೆ ಹೇಳಿದಳು: "ಇಲ್ಲಿಗಿ ಬಂದಮ್ಯಾಲ ಆ ದನಿ ಕೇಳಿಲ್ರಿ ನಾ. ಮನಿಯಾಗೇ ಅದ, ಆದ್ರ ಕೇಳಂಗಿಲ್ಲ."

ಮಕ್ಕಳ ಸಾಲು ಕೋಣೆ ಮೀರಿ ಮೆಟ್ಟಿಲುಗಳ ಮೇಲೂ ಇಳಿದಾಗ ಗುಲ್ಬರ್ಗದ ಕಡೆಯವರೆಲ್ಲ ಸೇರಿ ಸ್ವಂತ ಕಟ್ಟಡದ ಮಾತೆತ್ತಿದರು. ಗರುಡಾಚಾರ್‌ಪಾಳ್ಯದ ಹಿರಿಯ ಒಕ್ಕಲಿಗ ಮುನಿಆಂಜನಪ್ಪ ತಮ್ಮ ತೋಟದ ಮೂಲೆಯನ್ನು ದಾನವಾಗಿ ಬಿಟ್ಟುಕೊಟ್ಟರು. ಕಟ್ಟುವವರನ್ನು ಹುಡುಕುವ ಪ್ರಮೇಯವೇ ಇರಲಿಲ್ಲ. ಶಾಲೆಗೆ ಮಕ್ಕಳನ್ನು ಕಳಿಸುವವರಲ್ಲಿ ಅರ್ಧದಷ್ಟು ಜನ ಗಾರೆ ಕೆಲಸದವರೇ. ವಾರವೆಲ್ಲ ಇಂದಿರಾನಗರದಲ್ಲಿ ಇತರರ ಮನೆ ಕಟ್ಟಿ, ಭಾನುವಾರ ತಮ್ಮ ಶಾಲೆ ಕಟ್ಟಲು ಬರುತ್ತಿದ್ದರು. ಎಲ್ಲದಕ್ಕೂ ತಲೆಯಾಡಿಸುವ ಭಗವಂತರಾಯರು ಒಂದು ವಿಷಯದಲ್ಲಿ ಮಾತ್ರ ಪಟ್ಟು ಹಿಡಿದರು: ನಾಲ್ಕೂ ಕಡೆ ಆಳೆತ್ತರದ ಕಿಟಕಿಗಳು ಬೇಕು. ಮೇಸ್ತ್ರಿ ಮಲ್ಲಪ್ಪ ತಲೆ ಕೆರೆದುಕೊಂಡು, "ಗ್ವಾಡಿ ಎಲ್ಲಿ ಅದ್ರಿ ಸರ? ಎಲ್ಲಾ ಕಿಡಕಿನೇ ಆಗ್ಯಾವ," ಎಂದ. ಅವರು ಜಗ್ಗಲಿಲ್ಲ.

ತಾರಸಿಯ ಮೋಲ್ಡಿಂಗಿನ ದಿನವನ್ನು ಮರೆಯಲಾರೆ. ಮಿಕ್ಸರ್ ಯಂತ್ರ ಕಿವಿ ಗಡಚಿಕ್ಕುವಂತೆ ಅಬ್ಬರಿಸುತ್ತಿತ್ತು. ಕಾಂಕ್ರೀಟು ತುಂಬಿದ ಬಾಂಡ್ಲಿಗಳು ಕೈಯಿಂದ ಕೈಗೆ ಏಣಿ ಹತ್ತುತ್ತಿದ್ದವು. ಸಾಲಿನ ತುದಿಯಲ್ಲಿ ನಿಂತವಳು ಗಂಗಾ. ಹಗಲು ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು, ಸಂಜೆ ಮೆಟ್ಟಿಲ ಮೇಲೆ ಕುಳಿತು ಹಾಡು ಕಲಿಯುತ್ತಿದ್ದ ಹೆಣ್ಣುಮಗಳು. ಭಗವಂತರಾಯರೂ ಕೋಟು ಬಿಚ್ಚಿಟ್ಟು ಸಾಲಿನಲ್ಲಿ ನಿಂತಿದ್ದರು. ಅವರ ಕತ್ತಿನ ನರಗಳು ಉಬ್ಬಿದ್ದನ್ನು ಕಂಡು ಭಾರಕ್ಕೆಂದುಕೊಂಡೆ. ಅಷ್ಟರಲ್ಲಿ ಮಿಕ್ಸರಿನ ಡೀಸೆಲ್ ಮುಗಿದು ಅದು ಗಕ್ಕನೆ ನಿಂತಿತು, ಹಾಡು ನಿಲ್ಲಲಿಲ್ಲ.

ಯಾರಿಗೂ ಕೇಳಿಸದೆಂಬ ಧೈರ್ಯದಲ್ಲಿ ಅವರು ತಾರಸ್ಥಾಯಿಯಲ್ಲಿ ಹಾಡುತ್ತಿದ್ದರು. ನಿರ್ಮಲವೂ ಗಂಭೀರವೂ ಆದ ಆ ಸ್ವರ ಸೆಂಟ್ರಿಂಗ್ ಹಲಗೆಗಳನ್ನು ದಾಟಿ, ಪಕ್ಕದ ಕಾರ್ಖಾನೆಯ ಗೋಡೆಯನ್ನು ದಾಟಿ ಹೋಯಿತು. ಬಾಂಡ್ಲಿ ಹಿಡಿದ ಕೈಗಳು ಹಿಡಿದಲ್ಲೇ ನಿಂತವು. ಬುತ್ತಿಯ ಗಂಟು ಹೊತ್ತು ಆಗಷ್ಟೇ ಬಂದಿದ್ದ ಜಟ್ಟೆಮ್ಮ ಗಂಟನ್ನು ನೆಲಕ್ಕಿಳಿಸಿ ಕಣ್ಣು ಮುಚ್ಚಿಕೊಂಡಳು. ಮರುಕ್ಷಣ ಅವರಿಗೆ ಎಚ್ಚರವಾಗಿ, ಹಾಡಿನ ಸಾಲಿನ ನಡುವೆಯೇ ಬಾಯಿ ಮುಚ್ಚಿ, ಕದ್ದು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. ಅಂದಿನಿಂದ ನಾವೆಲ್ಲ ಕಾದದ್ದು ಕಟ್ಟಡಕ್ಕಲ್ಲ, ಆ ನಿಂತ ಸಾಲಿನ ಉಳಿದರ್ಧಕ್ಕೆ.

ಹೊಸ ಕಟ್ಟಡದ ಪ್ರವೇಶದ ದಿನ ಜಟ್ಟೆಮ್ಮ ಇಳಕಲ್ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕುಳಿತಳು. ಸುಭದ್ರಮ್ಮನೂ ಬಂದಿದ್ದಳು. ತಬಲ ಕೂಡಿತು, ಕೆಮ್ಮುವವರು ಕೆಮ್ಮಿ ಮುಗಿಸಿದರು. ಭಗವಂತರಾಯರು ಎದ್ದರು, ತಾವೇ ಜಗಳವಾಡಿ ಇಡಿಸಿದ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದರು. ಮೊದಲು ಕೆಲವರು ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಸುಭದ್ರಮ್ಮ ಎದ್ದು ಅವರ ಹಿಂದೆಯೇ ಹೋಗಿ ಅವೆಲ್ಲವನ್ನೂ ತೆರೆದಳು. "ಇವತ್ತು ಜೋರಾಗಿ ಹಾಡಿ ಮೇಷ್ಟ್ರೇ. ನಾನೇ ಹೇಳ್ತಿದ್ದೀನಿ," ಎಂದಳು.

ಅವರು ಕುಳಿತು ಸ್ವರ ಹಚ್ಚಿದರು. ಅದು ತುಟಿಯವರೆಗೆ ಬಂದು ನಿಂತಿತು. ಮತ್ತೆ ಹಚ್ಚಿದರು, ಅದೇ ಹಳೆಯ, ಬಾಡಿಗೆ ಕೋಣೆಯ ಪಿಸುದನಿ. ಜಟ್ಟೆಮ್ಮ ಸೆರಗಿನ ಅಂಚು ನೋಡುತ್ತ ಕುಳಿತಳು. ನನಗೆ ಅಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಕೊನೆಗೆ ಅವರು ಮುಗುಳ್ನಕ್ಕು, "ಗಂಗಾ, ನೀ ಹಾಡವಾ," ಎಂದು ಎದ್ದು ಹೊರನಡೆದರು.

ಗಂಗಾ ಹಾಡಿದಳು. ಇಟ್ಟಿಗೆ ಹೊತ್ತ ಎದೆಯ ಬಲವೆಲ್ಲ ಆ ದನಿಯಲ್ಲಿತ್ತು. ನಾನು ಹೊರಗೆ ಬಂದು ನೋಡಿದರೆ ಮೇಷ್ಟ್ರು ಬರಿಗಾಲಲ್ಲಿ ರಸ್ತೆಯ ತಿರುವಿನಲ್ಲಿ, ಪಂಕ್ಚರ್ ಅಂಗಡಿಯ ಬಳಿ ನಿಂತಿದ್ದರು. "ಇಲ್ಲಿತನಾ ಬರ್ಲತ್ತದ ನೋಡ್ರಿ," ಎಂದರು. ಇನ್ನೂ ಸ್ವಲ್ಪ ದೂರ ಹೋಗಿ ನಿಂತು ಕಿವಿಗೊಟ್ಟರು. ಅಲ್ಲಿಯೂ ಕೇಳಿಸುತ್ತಿತ್ತು. ಜಟ್ಟೆಮ್ಮ ಅವರ ಚಪ್ಪಲಿ ಹಿಡಿದು ಹಿಂದೆ ಬಂದಳು. ಅವನ್ನು ಅವರ ಕಾಲ ಬಳಿ ಇಟ್ಟು, ನೀವು ಯಾವಾಗ ಹಾಡುತ್ತೀರಿ ಎಂದು ಮೆಲ್ಲಗೆ ಕೇಳಿದಳು. ಅವರು ಚಪ್ಪಲಿಯೊಳಗೆ ಕಾಲು ತೂರಿಸಿದರು.

"ನಂದು ಆ ಮಿಕ್ಸರ್ ಸಂಗಟ ಹೋಯ್ತು, ಬಿಡು."

ಈ ಊರಿನ ಪೂರ್ವದ ಬಡಾವಣೆಗಳಲ್ಲಿ ಇಂಥವರು ಬಹಳ ಮಂದಿ. ಪರರ ನಿದ್ದೆಗೆ ಭಂಗ ಬಾರದಿರಲೆಂದು ತಮ್ಮ ಕಂಠವನ್ನು ಹಿಡಿಹಿಡಿಯಾಗಿ ಒತ್ತಿಟ್ಟು, ಒಂದು ದಿನ ಸ್ವಂತ ಗೋಡೆಯೊಳಗೆ ಅದನ್ನು ಬಿಚ್ಚುವೆವೆಂದು ಆಯುಷ್ಯವಿಡೀ ನಂಬಿರುತ್ತಾರೆ. ಗೋಡೆ ಏಳುವ ಹೊತ್ತಿಗೆ ಕಂಠ ಆ ಒತ್ತಡದ ಆಕಾರವನ್ನೇ ತಾಳಿರುತ್ತದೆ. ಅವರು ಅದಕ್ಕಾಗಿ ಗೊಣಗುವುದಿಲ್ಲ. ಬೇರೊಬ್ಬರನ್ನು ಹಾಡಲು ಕೂರಿಸಿ, ಅದು ಎಷ್ಟು ದೂರ ಕೇಳುತ್ತದೆಂದು ನೋಡಲು ಹೊರಗೆ ಹೋಗುತ್ತಾರೆ. ಆದರೆ ಅಂಥ ಪ್ರತಿಯೊಬ್ಬರ ಹಿಂದೆಯೂ ಚಪ್ಪಲಿ ಹಿಡಿದು ಬರುವ ಒಬ್ಬರಿರುತ್ತಾರೆ. ಊರೆಲ್ಲ ಹಾಡು ಕೇಳುತ್ತಿರುವಾಗ, ಅವರು ಕೇಳಬಯಸುವ ದನಿ ಬೇರೆಯೇ ಇರುತ್ತದೆ.